ಹಿಟ್ಟಿನ ಕೋಳಿಯೂ ಗಾಜಿನ ಮಲ್ಲರೂ

ಅಹಿಂಸೆಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ನೀರು ಸೋಸುವುದರಿಂದ ತೊಡಗಿ ರಾತ್ರಿಭೋಜನ ತ್ಯಾಗದವರೆಗೆ ಹೇಳಿ ನಿಲ್ಲಿಸುತ್ತೇವೆ. ಇವೆಲ್ಲವೂ ಕಣ್ಣಿಗೆ ಕಾಣುವ ಆಚರಣೆಗಳು. ಪಾಲಿಸಿದೆವೋ ಇಲ್ಲವೋ ಎಂಬುದು ಮನೆಯವರಿಗೂ ನೆರೆಯವರಿಗೂ ತಿಳಿಯುವಂಥವು. ಆದರೆ ಯಾರೂ ಸಾಯದ, ಒಂದು ತೊಟ್ಟು ರಕ್ತವೂ ಹರಿಯದ, ಇರುವೆಗೂ ನೋವಾಗದ ಕಡೆಯಲ್ಲಿ ಹಿಂಸೆಯುಂಟೇ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಪಂಡಿತರಲ್ಲ. ಹನ್ನೆರಡು ವರ್ಷದ ನನ್ನ ಮೊಮ್ಮಗ. ಕೇಳಿದ ಸ್ಥಳ ಬಸದಿಯೂ ಅಲ್ಲ, ಗೋಪಿನಾಥಂ.

ಕೊಳ್ಳೇಗಾಲದಲ್ಲಿ ನಮ್ಮದು ಬಟ್ಟೆಯ ವ್ಯಾಪಾರ. ಗೋಪಿನಾಥಂನ ಹಿರಿಯರೊಬ್ಬರು ಮೂವತ್ತು ವರ್ಷಗಳಿಂದ ನಮ್ಮ ಅಂಗಡಿಯಿಂದ ಸರಕು ಒಯ್ಯುವವರು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನೂ ಕರೆದುಕೊಂಡು ಹೋದೆ. ಹನೂರು, ಕೌದಳ್ಳಿ, ಮಲೆ ಮಹದೇಶ್ವರ ಬೆಟ್ಟ, ಪಾಲಾರ್ ದಾಟಿದರೆ ಮುಂದಿನದೆಲ್ಲ ಕಾಡಿನ ದಾರಿ. ದಾರಿಯುದ್ದಕ್ಕೂ ಹುಡುಗನ ಕಣ್ಣು ಕಾಡಿನ ಮೇಲಿರಲಿಲ್ಲ, ಮೊಬೈಲಿನ ಮೇಲಿತ್ತು. ಅದರಲ್ಲಿ ಇಬ್ಬರು ಮಲ್ಲರು ಒಬ್ಬರನ್ನೊಬ್ಬರು ಗುದ್ದುತ್ತ, ಒದೆಯುತ್ತ, ಎತ್ತಿ ಎಸೆಯುತ್ತ ಇದ್ದರು. ತಲೆಯ ಮೇಲೆ ಇಬ್ಬರಿಗೂ ಒಂದೊಂದು ಹಸಿರು ಪಟ್ಟಿ. ಪೆಟ್ಟು ಬಿದ್ದಂತೆ ಆ ಪಟ್ಟಿ ಕಿರಿದಾಗುತ್ತದೆ. ಪೂರ್ತಿ ಬರಿದಾದರೆ ಅವನು ಬಿದ್ದ. ಮರುಕ್ಷಣ ಗುಂಡಿಯೊತ್ತಿದರೆ ಮತ್ತೆ ಎದ್ದು ನಿಲ್ಲುತ್ತಾನೆ.

ಊರು ತಲುಪಿದ ಮೇಲೆ ಆ ಮನೆಯ ಹುಡುಗನೂ ಇವನೂ ಜೊತೆಯಾದರು. ಅವನ ಮನೆಮಾತು ತಮಿಳು, ಶಾಲೆಯಲ್ಲಿ ಕಲಿತ ಕನ್ನಡ ಸ್ವಲ್ಪ. ಇವನಿಗೆ ತಮಿಳಿನ ಗಂಧವಿಲ್ಲ. ಆದರೂ ಜಗಲಿಯ ಮೇಲೆ ಕುಳಿತು, ಒಂದೇ ಮೊಬೈಲನ್ನು ಸರದಿಯಂತೆ ಹಿಡಿದು ಎರಡು ಗಂಟೆ ಆಡಿದರು. ಗೆದ್ದವನು ಕೂಗಿದ, ಸೋತವನು ನಕ್ಕ. ಕಡೆಗೆ ಒಂದೇ ಎಳನೀರನ್ನು ಇಬ್ಬರೂ ಹಂಚಿಕೊಂಡು ಕುಡಿದರು. ನಾನು ನೋಡುತ್ತಲೇ ಇದ್ದೆ. ಆ ಸಂಜೆ, "ಇದೆಲ್ಲ ಹಿಂಸೆಯ ಆಟವಪ್ಪ, ನಮ್ಮಂಥವರಿಗೆ ಒಪ್ಪುವುದಲ್ಲ" ಎಂದೆ. ಅವನು ತಕ್ಷಣ, "ಇದರಲ್ಲಿ ಯಾರೂ ಸಾಯುವುದಿಲ್ಲವಲ್ಲ ತಾತ? ಬಾಹುಬಲಿಯೂ ಅಣ್ಣನ ಜೊತೆ ಕುಸ್ತಿ ಆಡಲಿಲ್ಲವೆ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ಒಂದು ತಪ್ಪೊಪ್ಪಿಗೆ. ಇಂಥ ಆಟ ನನಗೆ ಹೊಸದಲ್ಲ. 1996ರಲ್ಲಿ ಬಸ್ ನಿಲ್ದಾಣದ ಸಮೀಪದ ನಮ್ಮ ಒಂದು ಮಳಿಗೆಯನ್ನು ವಿಡಿಯೋ ಗೇಮ್ ನಡೆಸುವವರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ಆಳೆತ್ತರದ ಮರದ ಪೆಟ್ಟಿಗೆಗಳು, ಅವುಗಳೊಳಗೆ ಟಿ.ವಿ., ಹೊರಗೆ ಹಿಡಿಕೆ ಮತ್ತು ಗುಂಡಿಗಳು. ಒಂದು ರೂಪಾಯಿಗೆ ಒಂದು ಬಿಲ್ಲೆ. ಬಿಲ್ಲೆ ಹಾಕಿದರೆ ಒಂದು ಯುದ್ಧ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1991ರಲ್ಲಿ ಹೊರತಂದ 'ಸ್ಟ್ರೀಟ್ ಫೈಟರ್ 2' ಎಂಬ ಆಟಕ್ಕೆ ಹುಡುಗರು ಸಾಲುಗಟ್ಟುತ್ತಿದ್ದರು. ಬೇರೆಯವರು ಕೊಡುತ್ತಿದ್ದುದಕ್ಕಿಂತ ತಿಂಗಳಿಗೆ 300 ರೂಪಾಯಿ ಹೆಚ್ಚು ಬಾಡಿಗೆ. ಒಂದು ದಿನ ಒಬ್ಬ ತಂದೆ, ತನ್ನ ಗಲ್ಲಾಪೆಟ್ಟಿಗೆಯಿಂದ ಹಣ ಕದ್ದು ಅಲ್ಲಿಗೆ ಬಂದಿದ್ದ ಮಗನನ್ನು ಆ ಮಳಿಗೆಯ ಮುಂದೆಯೇ ನಿಲ್ಲಿಸಿ ಬೆಲ್ಟಿನಿಂದ ಹೊಡೆದ. ಒಳಗೆ ಗಾಜಿನ ಮೇಲೆ ನಡೆಯುತ್ತಿದ್ದುದು ಹೊರಗೆ ಬಂದಿತ್ತು. ನಾನು ನಮ್ಮ ಅಂಗಡಿಯ ಗಾದಿಯ ಮೇಲಿಂದ ಎಲ್ಲವನ್ನೂ ನೋಡಿದೆ. ಎದ್ದು ಹೋಗಿ ಬಿಡಿಸಲಿಲ್ಲ. ಮರುದಿನ ಬಾಡಿಗೆದಾರರನ್ನು ಕರೆದು ಮಳಿಗೆ ಖಾಲಿ ಮಾಡಿ ಎಂದೂ ಹೇಳಲಿಲ್ಲ. ಒಟ್ಟು 26 ತಿಂಗಳು ಆ ಹೆಚ್ಚಿನ ಹಣ ಪಡೆದೆ. ಅವರು ಹೋದದ್ದು ವ್ಯಾಪಾರ ಕುಂದಿತೆಂದು, ನನ್ನ ವಿವೇಕದಿಂದಲ್ಲ. ಆ ದಿನಗಳಲ್ಲಿಯೇ ನಾನು ದಶಲಕ್ಷಣ ಪರ್ವದಲ್ಲಿ ಉಪನ್ಯಾಸವನ್ನೂ ಮಾಡುತ್ತಿದ್ದೆನೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೀಗಿರುವಾಗ ಮೊಮ್ಮಗನಿಗೆ ಉಪದೇಶ ಹೇಳುವ ಅಧಿಕಾರ ನನಗೆಷ್ಟು? ಆದ್ದರಿಂದ ಶಾಸ್ತ್ರವನ್ನೇ ಮತ್ತೊಮ್ಮೆ ತೆರೆದು ನೋಡಿದೆ.

ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣ ಹೇಳುವಾಗ ಬರಿಯ ಪ್ರಾಣಹರಣವನ್ನು ಹೇಳಿ ಸುಮ್ಮನಾಗಲಿಲ್ಲ. ಪ್ರಮತ್ತಯೋಗವನ್ನು ಅದಕ್ಕೆ ಕಾರಣವಾಗಿ ಮುಂದಿಟ್ಟರು. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರ ಸೂರಿಗಳು ಇನ್ನೂ ಮುಂದೆ ಹೋಗಿ, ರಾಗಾದಿಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂಬ ನಿಲುವಿಗೆ ಬರುತ್ತಾರೆ. ದ್ರವ್ಯಹಿಂಸೆ ಹೊರಗಿನದು, ಭಾವಹಿಂಸೆ ಒಳಗಿನದು. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ತಂದುಲಮತ್ಸ್ಯದ ದೃಷ್ಟಾಂತವನ್ನು ಪಾಠಶಾಲೆಯಲ್ಲಿ ನಾವೆಲ್ಲ ಕೇಳಿದ್ದೇವೆ. ಅಕ್ಕಿಕಾಳಿನಷ್ಟರ ಆ ಮೀನು ಒಂದು ಜೀವಿಯನ್ನೂ ತಿನ್ನಲಿಲ್ಲ. ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡು ಹೋಗುವ ಮೀನುಗಳನ್ನು ನೋಡಿ, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡಿತು. ಅದಕ್ಕೆ ಏಳನೆಯ ನರಕ. ಕುಳಿತು ನೋಡುವ ಪ್ರೇಕ್ಷಕನ ಕಥೆ ಇದಕ್ಕಿಂತ ಬೇರೆಯಲ್ಲ.

ಆಡುವವನ ಕಥೆಯೂ ನಮ್ಮಲ್ಲಿದೆ. ಜನ್ನಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಹಿಟ್ಟಿನ ಕೋಳಿಯನ್ನು ಬಲ್ಲದ ಕನ್ನಡ ಜೈನರಿಲ್ಲ. ಚಂಡಮಾರಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಹೇಳುತ್ತಾಳೆ. ಜೀವವಧೆಗೆ ಮಗ ಒಪ್ಪುವುದಿಲ್ಲ. ತಾಯಿಯ ಮಾತೂ ಕೆಡದಿರಲಿ, ವ್ರತವೂ ಉಳಿಯಲಿ ಎಂದು ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯುತ್ತಾರೆ. ಕಡಿದಾಗ ಆ ಕೋಳಿ ಕೂಗುತ್ತದೆ. ಸತ್ತದ್ದು ಏನೂ ಇಲ್ಲ, ಹಿಟ್ಟು ಮಾತ್ರ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಕಡೆಗೆ ಕೋಳಿಗಳೇ ಆಗಿ ಭವಭವಗಳಲ್ಲಿ ಅಲೆದು ಬಳಲುತ್ತಾರೆ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಕವಿ "ಯಾರೂ ಸಾಯಲಿಲ್ಲವಲ್ಲ" ಎಂಬ ವಾದವನ್ನು ಎದುರಿಸಿ ಉತ್ತರ ಹೇಳಿದ್ದಾನೆ. ಮೊಮ್ಮಗನ ಕೋಣೆಯಿಂದ ರಾತ್ರಿ ಆ ಗಾಜಿನ ಮಲ್ಲರ ಕೂಗು ಕೇಳಿಬಂದಾಗಲೆಲ್ಲ ನನಗೆ ಆ ಹಿಟ್ಟಿನ ಕೋಳಿ ನೆನಪಾಗುತ್ತದೆ.

ಇಷ್ಟಕ್ಕೆ ವಿಚಾರ ಮುಗಿಯಿತೆಂದು ನಾನು ಭಾವಿಸಿದ್ದೆ. ಆದರೆ ಗೋಪಿನಾಥಂನ ಜಗಲಿಯ ಮೇಲೆ ಎಳನೀರು ಹಂಚಿಕೊಂಡ ಆ ಇಬ್ಬರು ಹುಡುಗರು ನನ್ನನ್ನು ಬಿಡಲಿಲ್ಲ. ಅವರ ಮುಖದಲ್ಲಿ ಕ್ರೋಧವಿರಲಿಲ್ಲ. ಯಶೋಧರನು ಹಿಟ್ಟಿನ ಕೋಳಿಯನ್ನು ಕಡಿದದ್ದು ಬಲಿಯೆಂಬ ಸಂಕಲ್ಪದಿಂದ. ಇವರು ಗುಂಡಿಯೊತ್ತಿದ್ದು ಗೋಲಿ ಹೊಡೆದಂತೆ, ಚದುರಂಗದ ಆನೆಯನ್ನು ಎತ್ತಿಟ್ಟಂತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನೇಕಾಂತವಾದಿಗೆ ಸಲ್ಲದು. ಹಾಗಾದರೆ ಕಷಾಯ ಹುಟ್ಟುವುದು ಎಲ್ಲಿ?

ಇದಕ್ಕೆ ಸುಳಿವು ಸಿಕ್ಕಿದ್ದು ಆಟದಿಂದಲ್ಲ. ಆಟವನ್ನು ಕಥೆಯಾಗಿಸಿದ ಜಪಾನೀ ಕಾರ್ಟೂನ್ ಚಿತ್ರಗಳಿಂದ. ಇವಕ್ಕೆ ಅನಿಮೆ ಎಂದು ಹೆಸರು. ಮೊದಲು ಆಟ ಬರುತ್ತದೆ. ಜನಪ್ರಿಯವಾದ ಮೇಲೆ ಅದರ ಮಲ್ಲರನ್ನೇ ಪಾತ್ರಗಳಾಗಿಸಿ ಚಿತ್ರ ಬರುತ್ತದೆ. 'ಫೇಟಲ್ ಫ್ಯೂರಿ' ಎಂಬ ಆಟ 1992ರಲ್ಲಿಯೇ ದೂರದರ್ಶನದ ಚಿತ್ರವಾಯಿತು. ನನ್ನ ಮಳಿಗೆಯಲ್ಲಿದ್ದ 'ಸ್ಟ್ರೀಟ್ ಫೈಟರ್ 2' ಆಟವನ್ನು ಗಿಸಾಬುರೊ ಸುಗಿಯಿ ಎಂಬ ನಿರ್ದೇಶಕರು 1994ರಲ್ಲಿ ಚಲನಚಿತ್ರವಾಗಿಯೂ 1995ರಲ್ಲಿ ಧಾರಾವಾಹಿಯಾಗಿಯೂ ಮಾಡಿದರು. 'ಟೆಕ್ಕೆನ್' ಎಂಬ ಆಟದ ಕಥೆ 1998ರಲ್ಲಿ ಒಮ್ಮೆ, 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಟೆಕ್ಕೆನ್: ಬ್ಲಡ್‌ಲೈನ್' ಎಂಬ ಆರು ಕಂತುಗಳ ಧಾರಾವಾಹಿಯಾಗಿ ಮತ್ತೊಮ್ಮೆ ತೆರೆಗೆ ಬಂದಿತು. ಗೋಪಿನಾಥಂನಿಂದ ಮರಳಿದ ಮೇಲೆ ಆ ಆರು ಕಂತುಗಳನ್ನು ಮೊಮ್ಮಗನ ಪಕ್ಕದಲ್ಲಿ ಕುಳಿತು ಪೂರ್ತಿಯಾಗಿ ನೋಡಿದೆ.

ಕಥೆ ಹೀಗಿದೆ. ಜಿನ್ ಎಂಬ ಹುಡುಗ ತಾಯಿಯೊಡನೆ ಇದ್ದಾನೆ. ತಾಯಿ ಅವನಿಗೆ ಕಲಿಸುವುದು ಆತ್ಮರಕ್ಷಣೆಯ ವಿದ್ಯೆ. ಒಂದು ರಾತ್ರಿ ಓಗ್ರ್ ಎಂಬ ದೈತ್ಯ ಬಂದು ತಾಯಿಯನ್ನು ಇಲ್ಲವಾಗಿಸುತ್ತಾನೆ. ಅನಾಥನಾದ ಹುಡುಗ ಸೇಡಿಗಾಗಿ ತನ್ನ ತಾತ ಹೈಹಾಚಿಯನ್ನು ಆಶ್ರಯಿಸುತ್ತಾನೆ. ತಾತ ಅವನಿಗೆ ತಾಯಿಯ ವಿದ್ಯೆಯನ್ನು ಮರೆಸಿ ನಿಷ್ಕರುಣೆಯ ಮಲ್ಲವಿದ್ಯೆ ಕಲಿಸುತ್ತಾನೆ. ದೈತ್ಯನನ್ನು ಸೆಳೆಯುವ ಗಾಳವಾಗಿ ಮೊಮ್ಮಗನನ್ನೇ ಬಳಸುತ್ತಾನೆ. ದೈತ್ಯ ಸತ್ತ ಮೇಲೆ ಮೊಮ್ಮಗನಿಗೇ ಗುಂಡು ಹೊಡೆಯುತ್ತಾನೆ. ತಾತ ಮೊಮ್ಮಗ ಇಬ್ಬರೂ ಅಕ್ಕಪಕ್ಕ ಕುಳಿತು ಇದನ್ನು ನೋಡುವಾಗ ನನ್ನ ಮನಸ್ಸಿನಲ್ಲಿ ಏನಾಗಿರಬಹುದೆಂದು ಓದುಗರು ಊಹಿಸಬಹುದು. ಮಕ್ಕಳ ಕೈಗೆ ಏನನ್ನು ಕೊಡುತ್ತೇವೆಂದು ಕೇಳದೆ ಬಾಡಿಗೆ ಎಣಿಸಿದ ಹಿರಿಯನೂ ಒಂದು ಬಗೆಯ ಹೈಹಾಚಿಯೇ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮೊಬೈಲಿನ ಆಟದಲ್ಲಿ ನಗುತ್ತಿದ್ದ ಹುಡುಗ ಈ ಕಥೆ ನೋಡುವಾಗ ನಗಲಿಲ್ಲ. ಮುಷ್ಟಿ ಬಿಗಿಹಿಡಿದಿದ್ದ. ಎರಡನೆಯ ದಿನ, "ಆ ಓಗ್ರ್ ಸಾಯಲೇಬೇಕು ತಾತ, ನರಳಿ ಸಾಯಬೇಕು" ಎಂದ. ಆಟಕ್ಕೆ ಕಾರಣ ಬೇಡ. ಕಥೆಗೆ ಕಾರಣ ಬೇಕು. ಆ ಕಾರಣವೇ ವೈರ. ಆಟದಲ್ಲಿ ಎದುರಾಳಿ ಒಂದು ಗುರಿ ಮಾತ್ರ. ಕಥೆಯಲ್ಲಿ ಅವನು ದ್ವೇಷಕ್ಕೆ ಯೋಗ್ಯನಾದವನು. ನಮ್ಮ ಆಚಾರ್ಯರು ಅನರ್ಥದಂಡವನ್ನು ವಿವರಿಸುವಾಗ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದನ್ನು ಹೇಳಿರುವುದು ಎಷ್ಟು ಅರ್ಥಪೂರ್ಣವೆಂದು ಆಗ ತಿಳಿಯಿತು. ಪರರ ಜಯಾಪಜಯಗಳನ್ನೂ ವಧಬಂಧನಗಳನ್ನೂ ಮನಸ್ಸಿನಲ್ಲಿ ಬಯಸುತ್ತ ಕೂರುವುದೇ ಅಪಧ್ಯಾನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅವರ ತಪೋಭೂಮಿಯೆಂದು ಪರಂಪರೆ ಹೇಳುವ ಕನಕಗಿರಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಷಾಯವನ್ನು ಬೆಳೆಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. ಈ ಶಬ್ದವನ್ನು ಓದುವಾಗ ನನ್ನ ಮಳಿಗೆ ಕಣ್ಣ ಮುಂದೆ ಬಂತು. ಗೃಹಸ್ಥನಿಗೆ ಆರಂಭೀ ಹಿಂಸೆ, ಉದ್ಯೋಗೀ ಹಿಂಸೆ ಪೂರ್ತಿ ತಪ್ಪದಿರಬಹುದು. ಅನರ್ಥದಂಡ ಹಾಗಲ್ಲ, ಅದರಿಂದ ಹೊಟ್ಟೆಯೂ ತುಂಬುವುದಿಲ್ಲ, ಮೈಯೂ ಮುಚ್ಚುವುದಿಲ್ಲ. ನಿಷ್ಪ್ರಯೋಜನವಾದ ಪಾಪವಾದುದರಿಂದಲೇ ಅದಕ್ಕೆ ಆ ಹೆಸರು.

ಆದರೆ ಕಥೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಬರಿಯ ಆಟ ಕೊಡಲಾರದ್ದನ್ನು ಕಥೆ ಕೆಲವೊಮ್ಮೆ ಕೊಡುತ್ತದೆ. 'ಸ್ಟ್ರೀಟ್ ಫೈಟರ್' ಆಟದಲ್ಲಿ ಧಾಲ್ಸಿಮ್ ಎಂಬ ಭಾರತೀಯ ಯೋಗಿಯೊಬ್ಬನಿದ್ದಾನೆ. ಕೈಕಾಲುಗಳನ್ನು ಹಗ್ಗದಂತೆ ಉದ್ದ ಮಾಡಿ ಹೊಡೆಯುತ್ತಾನೆ, ಬಾಯಿಂದ ಬೆಂಕಿ ಉಗುಳುತ್ತಾನೆ, ಕೊರಳಿಗೆ ತಲೆಬುರುಡೆಗಳ ಮಾಲೆ ಹಾಕಿಕೊಂಡಿದ್ದಾನೆ. ಯೋಗದ ಬಗ್ಗೆ ಇದಕ್ಕಿಂತ ವಿಚಿತ್ರವಾದ ಕಲ್ಪನೆಯನ್ನು ನಾನು ಕಂಡಿಲ್ಲ. ಆದರೆ ಆಟದವರು ಅವನಿಗೆ ಕಟ್ಟಿದ ಹಿನ್ನೆಲೆಯಲ್ಲಿ ಅವನು ಕಾದಾಟವನ್ನು ಒಲ್ಲದ ಶಾಂತಿಪ್ರಿಯ. ಬಡತನದಲ್ಲಿರುವ ತನ್ನ ಹಳ್ಳಿಗಾಗಿ ಹಣ ಕೂಡಿಸಲು ಕಣಕ್ಕಿಳಿದವನು. 1995ರ ಧಾರಾವಾಹಿಯಲ್ಲಿ ಇಬ್ಬರು ಯುವ ಮಲ್ಲರು ಅವನಿಂದ ಕಲಿಯಲೆಂದೇ ಭಾರತಕ್ಕೆ ಬರುತ್ತಾರೆ. ಅಂದರೆ ಗುದ್ದಾಟದ ಆಟವನ್ನು ಕಥೆಯಾಗಿಸಲು ಹೊರಟವನಿಗೆ, ಇವನೇಕೆ ಹೊಡೆಯುತ್ತಾನೆ, ಇವನ ಹಿಂದೆ ಯಾರಿದ್ದಾರೆ ಎಂದು ಕೇಳಿಕೊಳ್ಳದೆ ವಿಧಿಯಿಲ್ಲ. ಎದುರಾಳಿಗೂ ಒಬ್ಬ ತಾಯಿ ಇದ್ದಾಳೆ, ಒಂದು ಊರಿದೆ ಎಂದು ಕಂಡೊಡನೆ ಕೈ ಸ್ವಲ್ಪ ತಡೆಯುತ್ತದೆ. ಕಥೆ ದ್ವೇಷವನ್ನು ಬೆಳೆಸಬಲ್ಲುದು, ಕರುಣೆಯನ್ನೂ ಬೆಳೆಸಬಲ್ಲುದು. ದುಃಶ್ರುತಿಯೋ ಸುಶ್ರುತಿಯೋ ಎಂಬುದು ಅದು ಎಲ್ಲಿ ಕೊನೆಗೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ.

ಇದೇ ನನ್ನನ್ನು ಮೊಮ್ಮಗನ ಎರಡನೆಯ ಪ್ರಶ್ನೆಗೆ ತಂದಿತು. ಬಾಹುಬಲಿ ಕುಸ್ತಿ ಆಡಲಿಲ್ಲವೆ? ಆಡಿದನು, ನಿಜ. ಜಿನಸೇನಾಚಾರ್ಯರೂ, 941ರಲ್ಲಿ ಆದಿಪುರಾಣವನ್ನು ಬರೆದ ಪಂಪನೂ ಅದನ್ನು ಸಂಕೋಚವಿಲ್ಲದೆ ವರ್ಣಿಸಿದ್ದಾರೆ. ಎರಡು ಸೈನ್ಯಗಳು ಎದುರಾದಾಗ, ಲಕ್ಷಾಂತರ ಜನರ ಸಾವು ಬೇಡ, ಅಣ್ಣತಮ್ಮಂದಿರಿಬ್ಬರೇ ತೀರಿಸಿಕೊಳ್ಳಲಿ ಎಂದು ಮಂತ್ರಿಗಳು ನಿಶ್ಚಯಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ: ಮೂರು ಪಂದ್ಯ, ನಿಯಮಬದ್ಧ, ಆಯುಧವಿಲ್ಲ. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತನು ಚಕ್ರ ಎಸೆದನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಅಲ್ಲಿಯೇ, ಗೆಲವಿನ ನೆತ್ತಿಯಲ್ಲಿಯೇ, ಗೆದ್ದವನಿಗೆ ಗೆಲವು ಹೇಸಿಗೆಯಾಯಿತು.

ಗಾಜಿನ ಮಲ್ಲರ ಆಟ ಎಲ್ಲಿ ಮುಗಿಯುತ್ತದೆಯೋ ಬಾಹುಬಲಿಯ ಕಥೆ ಅಲ್ಲಿ ಆರಂಭವಾಗುತ್ತದೆ. ಆಟದಲ್ಲಿ ಒಬ್ಬನನ್ನು ಕೆಡವಿದರೆ ಮುಂದಿನವನು ಬರುತ್ತಾನೆ. ತಾನೇ ಬಿದ್ದರೆ ಇನ್ನೊಂದು ಬಿಲ್ಲೆ ಹಾಕಿ ಮತ್ತೆ ಏಳಬಹುದು. ಬಿದ್ದು, ಎದ್ದು, ಅದೇ ವೈರಕ್ಕೆ ಮತ್ತೆ ಮರಳುವ ಈ ಏರ್ಪಾಡು ನಮಗೆ ಹೊಸದಲ್ಲ. ಕಮಠನು ಭವಭವಗಳಲ್ಲಿ ಮರುಭೂತಿಯ ಜೀವವನ್ನು ಬೆನ್ನಟ್ಟಿ ಬಂದದ್ದೂ ಹೀಗೆಯೇ. ಪಾರ್ಶ್ವನಾಥ ಸ್ವಾಮಿಯು ಉಪಸರ್ಗವನ್ನು ಸಮಭಾವದಿಂದ ಸಹಿಸಿದಾಗ ಆ ಆಟ ನಿಂತಿತು. ಒಬ್ಬನು ಆಡುವುದಿಲ್ಲವೆಂದರೆ ಸಾಕು, ವೈರಕ್ಕೆ ಇನ್ನೊಂದು ಸುತ್ತಿಲ್ಲ. 981ರಲ್ಲಿ ಚಾವುಂಡರಾಯನು ವಿಂಧ್ಯಗಿರಿಯ ನೆತ್ತಿಯಲ್ಲಿ ನಿಲ್ಲಿಸಿದ 58 ಅಡಿಯ ಮೂರ್ತಿಯಲ್ಲಿ ತೋಳೆತ್ತಿದ ಮಲ್ಲನಿಲ್ಲ. ತೋಳುಗಳನ್ನು ಇಳಿಬಿಟ್ಟು ನಿಂತ, ಬಳ್ಳಿ ಹಬ್ಬಿದ ಯೋಗಿ ಇದ್ದಾನೆ. 2018ರಲ್ಲಿ ನಾವು ಮಹಾಮಸ್ತಕಾಭಿಷೇಕ ಮಾಡಿದ್ದು ಆ ಇಳಿಬಿಟ್ಟ ಕೈಗಳಿಗೆ.

ಮತ್ತೆ ಗೋಪಿನಾಥಂಗೆ ಬರುತ್ತೇನೆ. ಈ ಊರಿನ ಹೆಸರು ನಾಡಿಗೆಲ್ಲ ತಿಳಿದದ್ದು ಇಲ್ಲಿ ಹುಟ್ಟಿದ ವೀರಪ್ಪನ್‌ನಿಂದ. ಅವನು 2004ರ ಅಕ್ಟೋಬರ್ 18ರಂದು ಹತನಾದ ಮೇಲೆ ಅವನ ಕಥೆ ಮತ್ತೆ ಮತ್ತೆ ತೆರೆಯ ಮೇಲೆ ಬಂದಿದೆ: 2013ರಲ್ಲಿ 'ಅಟ್ಟಹಾಸ', 2016ರಲ್ಲಿ 'ಕಿಲ್ಲಿಂಗ್ ವೀರಪ್ಪನ್', 2023ರಲ್ಲಿ ನೆಟ್‌ಫ್ಲಿಕ್ಸ್‌ನ ಸಾಕ್ಷ್ಯಚಿತ್ರ. ಜಪಾನಿನವರು ಆಟವನ್ನು ಕಥೆ ಮಾಡಿದರು. ಇಲ್ಲಿ ನಿಜವಾದ ಹೆಣಗಳೇ ಕಥೆಯಾದವು. ನಮ್ಮ ಆತಿಥೇಯ ಹಿರಿಯರು ಅಂದು ರಾತ್ರಿ ಊಟವಾದ ಮೇಲೆ ಮೆಲ್ಲಗೆ ಹೇಳಿದರು: "ಸಾಹುಕಾರರೇ, ಆ ಕಾಲದಲ್ಲಿ ಊರ ಹೆಸರು ಹೇಳಿದರೆ ಹೆಣ್ಣು ಕೊಡುತ್ತಿರಲಿಲ್ಲ. ರಾತ್ರಿ ಬಾಗಿಲು ತಟ್ಟಿದರೆ ಕಾಡಿನವರೋ ಪೊಲೀಸಿನವರೋ ಎಂದು ನಡುಕ. ಸಿನಿಮಾದಲ್ಲಿ ಗುಂಡಿನ ಸದ್ದು ಚೆನ್ನಾಗಿ ಕೇಳುತ್ತದೆ. ಆಮೇಲಿನ ಸುಮ್ಮನಿರುವಿಕೆ ಕೇಳುವುದಿಲ್ಲ." ಮೊಮ್ಮಗ ಮೊಬೈಲನ್ನು ಕೆಳಗಿಟ್ಟು ಕೇಳುತ್ತಿದ್ದ.

ಮರುದಿನ ಬೆಳಿಗ್ಗೆ ಹಿರಿಯರು ನಮ್ಮನ್ನು ಊರಿನ ಮಾರಿಯಮ್ಮನ ಗುಡಿಗೆ ಕರೆದೊಯ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಊರವರಿಗಾಗಿ ಕಟ್ಟಿಸಿಕೊಟ್ಟ ಗುಡಿ ಅದು. ಅವರ ಭಾವಚಿತ್ರಕ್ಕೂ ಊರವರು ಕೈಮುಗಿಯುತ್ತಾರೆ. ವೀರಪ್ಪನ್‌ನ ಊರಿನ ಜನರಿಗೇ ಔಷಧೋಪಚಾರ ಒದಗಿಸಿ, ಅವರ ವಿಶ್ವಾಸ ಗಳಿಸಿ, ಅವನ ಮನಸ್ಸನ್ನು ತಿರುಗಿಸಬಹುದೆಂದು ನಂಬಿದವರು ಅವರು. ಅವನು ಶರಣಾಗುತ್ತಾನೆಂಬ ಮಾತನ್ನು ನಂಬಿ, 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿಗೆ ಹೋದರು, ಮೋಸದಿಂದ ಕೊಲೆಯಾದರು. ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ನೀಡಿತು. ಹುಡುಗರು ಗುದ್ದಾಡಲು ಕಲಿತ ಆ ಆಟ ಹೊರಬಂದದ್ದೂ ಅದೇ 1991ರಲ್ಲಿ.

"ಅವರೇಕೆ ಬಂದೂಕು ತೆಗೆದುಕೊಂಡು ಹೋಗಲಿಲ್ಲ ತಾತ?" ಎಂದು ಮೊಮ್ಮಗ ಕೇಳಿದ. ಎದುರಿಗಿದ್ದವನನ್ನು ಅವರು ವೈರಿಯೆಂದು ಮಾತ್ರ ನೋಡಲಿಲ್ಲವಪ್ಪ, ಎಂದೆ. "ಆದರೆ ಅವರು ಸೋತರಲ್ಲ?" ಎಂದ. ನಾನು ಗುಡಿಯ ಕಡೆ ಕೈ ತೋರಿಸಿದೆ. ಅಷ್ಟು ಹೊತ್ತಿಗೆ ಒಬ್ಬ ಅಜ್ಜಿ ಬಂದು ಆ ಚಿತ್ರದ ಮುಂದೆ ಹೂವಿಟ್ಟು ಹೋದರು. ಅವನು ಮತ್ತೇನೂ ಕೇಳಲಿಲ್ಲ. ಶ್ರೀನಿವಾಸರ ಧರ್ಮ ನಮ್ಮದಲ್ಲದಿರಬಹುದು. ಅವರ ನಡೆ ನಮ್ಮ ಶಾಸ್ತ್ರಕ್ಕೆ ಹೊರತಾದುದಲ್ಲ.

ಇನ್ನು ಮನೆಗಳಲ್ಲಿ, ಟ್ರಸ್ಟುಗಳಲ್ಲಿ ಏನು ಮಾಡಬಹುದೆಂಬ ಮಾತು. ಮೊಬೈಲನ್ನು ಕಿತ್ತುಕೊಳ್ಳುವುದರಿಂದ ಪ್ರಯೋಜನವಿಲ್ಲವೆಂದು ನನ್ನ ಅನುಭವ. ಕಿತ್ತುಕೊಂಡ ಮಗುವಿನ ಮನಸ್ಸಿನಲ್ಲಿ ಕ್ರೋಧವೂ ಮಾಯೆಯೂ ಕೂಡಿಯೇ ಬೆಳೆಯುತ್ತವೆ. ಅದಕ್ಕಿಂತ ಪಕ್ಕದಲ್ಲಿ ಕುಳಿತು ನೋಡುವುದು ಮೇಲು. ನೋಡಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಬೇಕು: ಈಗ ನಿನ್ನ ಮನಸ್ಸಿನಲ್ಲಿ ಯಾರ ಮೇಲಾದರೂ ಸಿಟ್ಟು ಉಳಿದಿದೆಯೇ? ಉಳಿದಿದ್ದರೆ ಅದು ದುಃಶ್ರುತಿ. ಅಂಥದ್ದನ್ನು ಬಿಡಲು ಮಗುವೇ ಕಲಿಯುತ್ತದೆ. ನಮ್ಮ ಮನೆಯಲ್ಲಿ ಇನ್ನೊಂದು ಒಪ್ಪಂದವಾಗಿದೆ. ಸಾಮಾಯಿಕದ ಕಾಲ ಎರಡು ಘಳಿಗೆ, ಅಂದರೆ 48 ನಿಮಿಷ. ಆಟಕ್ಕೂ ಅಷ್ಟೇ. ಅವನು ಆಡುವ ಹೊತ್ತಿನಲ್ಲಿ ನಾನು ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತೇನೆ. ಇಬ್ಬರೂ ಒಟ್ಟಿಗೆ ಏಳುತ್ತೇವೆ. ಕೆಲವು ದಿನ ಅವನ ಮನಸ್ಸೇ ನನ್ನ ಮನಸ್ಸಿಗಿಂತ ಶಾಂತವಾಗಿರುತ್ತದೆಂದು ಒಪ್ಪಿಕೊಳ್ಳಬೇಕು. ನಾನು ಕಣ್ಣು ಮುಚ್ಚಿ ಬಾಕಿದಾರರ ಲೆಕ್ಕ ಹಾಕುತ್ತಿರುತ್ತೇನೆ.

ಬಸದಿಯ ಟ್ರಸ್ಟುಗಳು ಇಂದು ಪಾಠಶಾಲೆಯ ಮಕ್ಕಳಿಗೆ ಭರತ ಬಾಹುಬಲಿಯರ ಕಾರ್ಟೂನುಗಳನ್ನು ತೋರಿಸುತ್ತಿರುವುದು ಸಂತೋಷವೇ. ಆದರೆ ಮಲ್ಲಯುದ್ಧಕ್ಕೆ ಹತ್ತು ನಿಮಿಷ, ವೈರಾಗ್ಯಕ್ಕೆ ಅರ್ಧ ನಿಮಿಷ ಎಂದಾದರೆ ನಾವು ತೋರಿಸುವುದೂ ಇನ್ನೊಂದು ಗುದ್ದಾಟವೇ. ಇಂಥ ಚಿತ್ರಗಳಿಗೆ ಹಣ ಕೊಡುವ ಟ್ರಸ್ಟಿಗಳು ಕೊನೆಯ ದೃಶ್ಯವನ್ನು ಮೊದಲು ನೋಡಿ ಒಪ್ಪಿಗೆ ಕೊಡಲಿ. ಟ್ರಸ್ಟಿನ ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗಲೂ, ಬಾಡಿಗೆ ಎಷ್ಟು ಎಂಬುದಕ್ಕೆ ಮುಂಚೆ ಯಾವುದಕ್ಕೆ ಎಂದು ಕೇಳಲಿ. ನಾನು ಕೇಳಿರಲಿಲ್ಲ.

26 ತಿಂಗಳಿಗೆ 300ರಂತೆ 7,800 ರೂಪಾಯಿ. ವಾಣಿಜ್ಯ ಓದಿದವನಾದ್ದರಿಂದ ಲೆಕ್ಕ ತಪ್ಪುವುದಿಲ್ಲ. ಅದನ್ನು ದಾನಕ್ಕೆ ಬರೆದು ಖಾತೆ ಮುಗಿಸಬಹುದೆಂದು ಒಮ್ಮೆ ಯೋಚಿಸಿದ್ದೆ. ಆದರೆ ಕರ್ಮದ ಖಾತೆಯಲ್ಲಿ ಜಮಾ ಖರ್ಚು ಹಾಗೆ ಹೊಂದಿಕೆಯಾಗುವುದಿಲ್ಲ. ಆಸ್ರವದ ಬಾಗಿಲು ಮುಚ್ಚದೆ ನಿರ್ಜರೆಯ ಮಾತೆಲ್ಲಿ? ಆದ್ದರಿಂದ ಈ ಬಾರಿಯ ಕ್ಷಮಾವಣಿಯ ದಿನ ಮೊಮ್ಮಗನನ್ನು ಕೂರಿಸಿಕೊಂಡು ಆ ಮಳಿಗೆಯ ಕಥೆಯನ್ನು, ಬೆಲ್ಟಿನ ಪೆಟ್ಟು ತಿಂದ ಹುಡುಗನ ಕಥೆಯನ್ನು, ಗಾದಿಯಿಂದ ಏಳದ ತಾತನ ಕಥೆಯನ್ನು ಪೂರ್ತಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಈಗ ಎಲ್ಲಿದ್ದಾನೆ ತಾತ?" ಎಂದು ಕೇಳಿದ. ನನಗೆ ಗೊತ್ತಿಲ್ಲ. ಅವನೀಗ ನಲವತ್ತು ದಾಟಿದ ಗೃಹಸ್ಥನಾಗಿರಬೇಕು, ಅವನಿಗೂ ಮಕ್ಕಳಿರಬಹುದು. ಈ ಸಾಲುಗಳು ಅವನ ಕಣ್ಣಿಗೆ ಬಿದ್ದರೆ, ಅವನಲ್ಲಿ ನನ್ನ ಕ್ಷಮಾಯಾಚನೆ.